ಅಪ್ಪನ ಸಂಬಳ ಮಗಳಿಗೆ ಗೊತ್ತಿರಲಿ

ಡೊಂಬಿವಲಿ ಪೂರ್ವದ ಫಡ್ಕೆ ರೋಡಿನಲ್ಲಿ ಸಂಜೆ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಕ್ಲಾಸು ಬಿಟ್ಟು ಬಂದ ಹುಡುಗ ಹುಡುಗಿಯರು ಬೆನ್ನ ಮೇಲಿನ ಚೀಲ ಇಳಿಸದೆಯೇ ಫ್ರಾಂಕಿ, ಮೊಮೊ, ಶೆಜವಾನ್ ದೋಸೆಯ ಗಾಡಿಗಳಿಗೆ ಮುತ್ತಿಕೊಂಡಿರುತ್ತಾರೆ. ತಿಂದು ಮುಗಿಸಿದ ಮೇಲೆ ಒಬ್ಬ ಗಾಡಿಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿಯುತ್ತಾನೆ. ಉಳಿದವರು ಅಲ್ಲೇ ನಿಂತು ತಮ್ಮ ತಮ್ಮ ‘ಕಾಂಟ್ರಿ’ಯನ್ನು ಅವನಿಗೆ ಕಳಿಸುತ್ತಾರೆ. ಪಾಲಿಗೆ 47 ರೂಪಾಯಿ ಬಂದರೆ 47ನ್ನೇ ಕಳಿಸುತ್ತಾರೆ, 50 ಅಲ್ಲ. ಕೊಡದೆ ಉಳಿದವನ ಹೆಸರು ರಾತ್ರಿಯೊಳಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿರುತ್ತದೆ.

ಈ ಮಕ್ಕಳಿಗೆ ದುಡ್ಡಿನ ಬೆಲೆಯೇ ಗೊತ್ತಿಲ್ಲ ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಗೆಳೆಯ ಕೊಡಬೇಕಾದ 47 ರೂಪಾಯಿಯನ್ನು ವಾರವಾದರೂ ಮರೆಯದ ಮಕ್ಕಳಿವರು. ಅವರಿಗೆ ಗೊತ್ತಿಲ್ಲದ್ದು ಬೇರೆ. ತಮ್ಮ ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ, ಅದರಲ್ಲಿ ಮನೆಸಾಲದ ಕಂತಿಗೆ ಎಷ್ಟು ಹೋಗುತ್ತದೆ, ಊರಲ್ಲಿರುವ ಅಜ್ಜಿಯ ಔಷಧಕ್ಕೆ ಎಷ್ಟು, ಕೊನೆಗೆ ಉಳಿಯುವುದೆಷ್ಟು ಎಂದು ಕೇಳಿ ನೋಡಿ. ಹತ್ತರಲ್ಲಿ ಒಬ್ಬರೂ ಹೇಳಲಾರರು. ಅದಕ್ಕೆ ಕಾರಣ ಮಕ್ಕಳಲ್ಲ, ಹೇಳದೆ ಇರುವ ನಾವು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳು ಬೆಳೆದ ಬಗೆಯಲ್ಲೇ ಈ ಮೌನದ ಬೇರಿದೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಓಡಿದ್ದು ಠಾಣೆಗೆ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಂದಿನಿಂದಲೂ ಈ ಊರುಗಳ ಬದುಕು ಹಳಿಗೆ ಕಟ್ಟಿಕೊಂಡದ್ದೇ. ಮುಂಬಯಿಯೊಳಗೆ ಮನೆ ಕೊಳ್ಳಲಾಗದವರು ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಕೊಂಡರು. 1970ರಲ್ಲಿ ಸಿಡ್ಕೊ ಎಂಬ ಸರಕಾರಿ ಸಂಸ್ಥೆ ಹುಟ್ಟಿಕೊಂಡು ಕೊಲ್ಲಿಯ ಆಚೆ ಹೊಸ ನಗರ ಕಟ್ಟತೊಡಗಿದ ಮೇಲೆ ವಾಶಿ, ನೆರೂಲ್, ಆಮೇಲೆ ಖಾರ್ಘರ್ ಕಡೆಗೂ ನಮ್ಮವರು ಹೋದರು. ಉಡುಪಿ, ಕುಂದಾಪುರ, ಕಾರ್ಕಳ, ಕುಮಟೆಯ ಕಡೆಯವರು ಹೀಗೆಯೇ ಇಲ್ಲಿ ನೆಲೆಯಾದರು. ಅಪ್ಪ ಅಮ್ಮ ಇಬ್ಬರೂ ಬೆಳಗಿನ ಲೋಕಲ್ ಹಿಡಿದರೆ ಮನೆ ಸೇರುವಾಗ ರಾತ್ರಿಯಾಗುತ್ತದೆ. ಹದಿನೈದರ ಮಗಳು ಮನೆಯ ಕೀಲಿಕೈ ಇಟ್ಟುಕೊಂಡು ತಾನೇ ಬಾಗಿಲು ತೆಗೆದು, ತಾನೇ ಬಿಸಿ ಮಾಡಿ ತಿಂದು, ತಾನೇ ಕ್ಲಾಸಿಗೆ ಹೋಗುತ್ತಾಳೆ.

ಈ ನಡುವಿನ ತೆರಪಿಗೆ ದುಡ್ಡು ಬಂದು ಕೂತಿದೆ. “ಅಮ್ಮಾ, ಕ್ಲಾಸಿನವರೆಲ್ಲ ಹೋಗ್ತಿದ್ದಾರೆ, ಇನ್ನೂರು ಹಾಕು” ಎಂಬ ಸಂದೇಶ ಬರುವಾಗ ಅಮ್ಮ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತಿರುತ್ತಾಳೆ. ಯಾಕೆ, ಯಾರ ಜೊತೆ, ಮೊನ್ನೆ ಕೊಟ್ಟದ್ದು ಏನಾಯಿತು ಎಂದು ಕೇಳಲು ಅದು ಹೊತ್ತಲ್ಲ, ಜಾಗವೂ ಅಲ್ಲ. ಹೆಬ್ಬೆರಳಾಡಿಸಿದರೆ ಇನ್ನೂರು ಹೋಯಿತು. ಮನೆಯಲ್ಲಿ ಇರಲಾಗದ ತಾಯಿಯ ಸಂಕಟವೂ ಅದರ ಜೊತೆಗೇ ಹೋಯಿತು. ತಿಂಗಳಿಗೆ ಹೀಗೆ ಎಷ್ಟು ಹೋಯಿತೆಂದು ಕೂಡಿಸಿ ನೋಡುವವರಿಲ್ಲ. ಮೊದಲೆಲ್ಲ ಪಾಕೆಟ್ ಮನಿ ಎಂದರೆ ತಿಂಗಳ ಒಂದನೇ ತಾರೀಖು ಕೈಗೆ ಬರುವ ನೋಟು. ಅದು ಮುಗಿದರೆ ಮುಗಿಯಿತು. ಈಗ ಹೆಚ್ಚಿನ ಮನೆಗಳಲ್ಲಿ ಅಂಥ ಮೊತ್ತವೇ ಇಲ್ಲ. ಕೇಳಿದಾಗ ಬರುತ್ತದೆ. ಕೇಳಿದಾಗ ಬರುವುದಕ್ಕೆ ಅಂಚಿರುವುದಿಲ್ಲ, ಅಂಚಿಲ್ಲದ್ದನ್ನು ಯಾವ ಮಗುವೂ ನಿಭಾಯಿಸಲು ಕಲಿಯಲಾರದು.

ಈ ಮಕ್ಕಳ ಅಜ್ಜಂದಿರ ಕಥೆ ಇದಕ್ಕೆ ತೀರ ತಿರುಗುಮುರುಗು. ಕಳೆದ ಶತಮಾನದ ನಡುಭಾಗದ ತನಕ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಯಾರದೋ ಬೆನ್ನಿಗೆ ಬಿದ್ದು ಮುಂಬಯಿಗೆ ಬರುತ್ತಿದ್ದರು. ಹೋಟೆಲಿನಲ್ಲಿ ಲೋಟ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಅದೇ ಟೇಬಲಿನ ಮೇಲೆ ಮಲಗುವುದು. ಸಂಬಳ ಧಣಿಯ ಪುಸ್ತಕದಲ್ಲಿರುತ್ತಿತ್ತು. ಊರಿಗೆ ಮನಿಯಾರ್ಡರ್ ಹೋಗುತ್ತಿತ್ತು. ಆ ಫಾರ್ಮಿನ ಕೆಳಗಿನ ಪುಟ್ಟ ಜಾಗದಲ್ಲಿ ಎರಡು ಸಾಲು ಬರೆಯಲಿಕ್ಕಾದರೂ ಓದುಬರಹ ಬೇಕಿತ್ತು. ಹಗಲು ದುಡಿದು ರಾತ್ರಿ ಕಲಿಯಲೆಂದು ಮುಂಬಯಿಯ ಕನ್ನಡಿಗರು ಕಟ್ಟಿದ ರಾತ್ರಿ ಶಾಲೆಗಳು ಆ ಹುಡುಗರಿಗಾಗಿಯೇ ಇದ್ದವು. ಎಷ್ಟೋ ಮಂದಿ ಎಸ್ಸೆಸ್ಸಿ ಅಲ್ಲೇ ಮುಗಿಸಿ ಬ್ಯಾಂಕು, ವಕೀಲಿಕೆ, ಸ್ವಂತ ಹೋಟೆಲು ಎಂದು ಮೇಲೆ ಬಂದರು. ಠಾಣೆಯಲ್ಲಿ ಇಂದಿಗೂ ಹುಡುಗರು ಸಾಲು ನಿಂತು ತಿನ್ನುವ ಮಾಮಲೇದಾರ್ ಮಿಸಳ್ ಕೂಡ 1946ರಲ್ಲಿ ತಹಸೀಲ್ದಾರ್ ಕಚೇರಿಯ ಬಳಿ ಮುರ್ಡೇಶ್ವರ ಮನೆತನದವರು ಇಟ್ಟ ಕ್ಯಾಂಟೀನಿನಿಂದ ಬೆಳೆದದ್ದು.

ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದ ಮಗು ದುಡಿಯಬೇಕಾಗಿ ಬಂದದ್ದು ಅನ್ಯಾಯವೇ, ಅದು ಮುಗಿದದ್ದು ಒಳ್ಳೆಯದಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿಯ ಮೇಲೆ ಕಾನೂನು ಹೆಚ್ಚುಕಡಿಮೆ ಪೂರ್ತಿಯಾಗಿಯೇ ತಡೆಯುತ್ತದೆ. ಆದರೆ ಆ ಹುಡುಗನಿಗೆ ಒಂದು ಗೊತ್ತಿತ್ತು: ತಾನು ಕಳಿಸುವ ಹಣದಲ್ಲಿ ಅಕ್ಕನ ಮದುವೆಗೆ ಎಷ್ಟು, ಗೇಣಿಗೆ ಎಷ್ಟು, ತಮ್ಮನ ಶಾಲೆಗೆ ಎಷ್ಟು ಎಂದು. ಮನೆಯ ಲೆಕ್ಕದಲ್ಲಿ ಅವನಿಗೊಂದು ಸ್ಥಾನವಿತ್ತು. ಅವನ ಮೊಮ್ಮಗನಿಗೆ ಎಲ್ಲವೂ ಸಿಕ್ಕಿದೆ, ಆ ಸ್ಥಾನವೊಂದನ್ನು ಬಿಟ್ಟು.

ಸಣ್ಣ ದುಡ್ಡನ್ನು ಹಿಡಿದಿಡುವ ದಾರಿಗಳನ್ನು ಹುಡುಕಿದ್ದರಲ್ಲಂತೂ ಕರಾವಳಿಯವರನ್ನು ಮೀರಿಸಿದವರು ಕಡಿಮೆ. ಶ್ರೀಪಾದ ಸುಬ್ರಾವ್ ತಲ್ಮಕಿಯವರು ಮುಂಬಯಿಯಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯನ್ನು ಆರಂಭಿಸಿದ್ದು 1906ರ ಡಿಸೆಂಬರಿನಲ್ಲಿ. ಇಂದಿನ ಎಸ್‌ವಿಸಿ ಬ್ಯಾಂಕ್ ಅದೇ. ಬಿಲ್ಲವ ಸಮಾಜದವರು 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿದರು. ಇವೆರಡಕ್ಕಿಂತಲೂ ನನಗೆ ಇಲ್ಲಿ ಮುಖ್ಯವೆನಿಸುವುದು 1928ರ ಪಿಗ್ಮಿ. ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು 1925ರಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿದ್ದು, ದಿನಕ್ಕೆ ಎರಡಾಣೆಯಿಂದ ಠೇವಣಿ ಕೂಡಿಸಲು ಏಜೆಂಟರನ್ನು ಮನೆ ಬಾಗಿಲಿಗೆ ಕಳಿಸಿತು. ನೇಕಾರ, ಬೀಡಿ ಕಟ್ಟುವವಳು, ಮೀನು ಮಾರುವವಳು, ಹೋಟೆಲ್ ಹುಡುಗ, ಎಲ್ಲರ ಕೈಯಲ್ಲೂ ಪಿಗ್ಮಿ ಪುಸ್ತಕ. ದಿನವೂ ಒಬ್ಬ ಮನುಷ್ಯ ಬಂದು ಎದುರು ನಿಲ್ಲುತ್ತಿದ್ದ. ಇವತ್ತು ಇಲ್ಲ ಎನ್ನಬೇಕಾದರೆ ಅವನ ಮುಖ ನೋಡಿ ಹೇಳಬೇಕಿತ್ತು. ಮೊಬೈಲಿನಲ್ಲಿ ಉಳಿತಾಯದ ಆ್ಯಪ್ ಎಷ್ಟೇ ಇರಲಿ, ಆ ಸಂಕೋಚವನ್ನು ಅವು ಹುಟ್ಟಿಸಲಾರವು.

ಮಕ್ಕಳ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಮೊದಲು ಒಂದನ್ನು ಗಮನಿಸಬೇಕು. ಹದಿಹರೆಯದ ಮಗುವಿನ ಮೇಲೆ ಈ ಊರುಗಳಲ್ಲಿ ಆಗುವ ಅತಿ ದೊಡ್ಡ ಖರ್ಚನ್ನು ಮಗು ಮಾಡುವುದಿಲ್ಲ, ನಾವು ಮಾಡುತ್ತೇವೆ. ಹತ್ತನೆಯದು ಮುಗಿಯುತ್ತಿದ್ದಂತೆ ಇಂಜಿನಿಯರಿಂಗ್, ಮೆಡಿಕಲ್ ಪ್ರವೇಶ ಪರೀಕ್ಷೆಯ ಕ್ಲಾಸುಗಳಿಗೆ ಲಕ್ಷ ದಾಟಿದ ಮೊತ್ತ ಕಟ್ಟುತ್ತೇವೆ, ಕೆಲವರು ಸಾಲ ಮಾಡಿ. ಅದರ ಮುಂದೆ ಫ್ರಾಂಕಿ, ಹೇರ್‌ಕಟ್, ಉಲ್ಲಾಸನಗರದ ಜೀನ್ಸ್, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫಿನಲ್ಲಿ ಹತ್ತು ಹುಡುಗರು ಕಾಂಟ್ರಿ ಹಾಕಿ ಆಡುವ ಬಾಕ್ಸ್ ಕ್ರಿಕೆಟ್, ಇವೆಲ್ಲ ಪುಡಿಗಾಸು. ಪುಡಿಗಾಸಿಗೆ ದಿನವೂ ಬೈಗುಳವಿದೆ. ಲಕ್ಷದ ನಿರ್ಧಾರಕ್ಕೆ ಮಗುವನ್ನು ಕೇಳುವುದೇ ಇಲ್ಲ.

ಹಾಗೆಂದು ಮಕ್ಕಳ ಖರ್ಚೆಲ್ಲ ಪುಡಿಗಾಸಿನದಲ್ಲ. 2025ರ ಜನವರಿಯಲ್ಲಿ ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ದಿನ ಹಾಡಿತು. ಟಿಕೆಟ್ಟಿನ ಬೆಲೆ 2,500 ರೂಪಾಯಿಯಿಂದ ಶುರು, ಮೇಲಿನದು 35,000. ಹಿಂದಿನ ಸೆಪ್ಟೆಂಬರಿನಲ್ಲಿ ಮಾರಾಟ ತೆರೆದ ದಿನವೇ ಎಲ್ಲ ಮುಗಿದುಹೋಗಿ ಕಾಳಸಂತೆಯಲ್ಲಿ ಬೆಲೆ ಹಲವು ಪಟ್ಟು ಏರಿತು. ಎಷ್ಟೋ ಮನೆಗಳಲ್ಲಿ ಅದು ಜಗಳ, ಕಣ್ಣೀರು, ಮಾತು ಬಿಡುವುದರ ತನಕ ಹೋಯಿತು. ಅದೇ ವರ್ಷ ಅದೇ ಕ್ರೀಡಾಂಗಣದಲ್ಲಿ ಮಹಿಳೆಯರ ವಿಶ್ವಕಪ್ಪಿನ ಲೀಗ್ ಪಂದ್ಯಗಳಿಗೆ 100 ರೂಪಾಯಿಯಿಂದ ಟಿಕೆಟ್ ಇತ್ತು. ನವೆಂಬರ್ 2ರಂದು ಭಾರತದ ಹುಡುಗಿಯರು ಕಪ್ ಗೆದ್ದದ್ದೂ ಅಲ್ಲೇ. ಒಂದು ಸರಿ, ಇನ್ನೊಂದು ತಪ್ಪು ಎನ್ನುವ ಅಧಿಕಾರ ನನಗಿಲ್ಲ; ಹದಿನೇಳರ ವಯಸ್ಸಿಗೆ ಸಂಗೀತ ಎಷ್ಟು ಮುಖ್ಯವೆಂದು ಬಲ್ಲೆ. ನನಗೆ ತೊಂದರೆ ಕೊಡುವುದು ಆ ಜಗಳದ ಸ್ವರೂಪ. “ಅಷ್ಟು ದುಡ್ಡಿಲ್ಲ” ಎಂದು ಅಪ್ಪ ಹೇಳಿದರೆ ಮಗ ನಂಬುವುದಿಲ್ಲ. ಹೋದ ತಿಂಗಳು ಕ್ಲಾಸಿಗೆ ಲಕ್ಷ ಕಟ್ಟಿದ ಅಪ್ಪ ಇವರೇ ತಾನೆ? ಇದೆಯೋ ಇಲ್ಲವೋ ಎಂದು ತಿಳಿಯಲು ಅವನ ಬಳಿ ಯಾವ ಆಧಾರವೂ ಇಲ್ಲ. ಹಾಗಾಗಿ ಇಲ್ಲ ಎಂಬುದು ಅವನ ಕಿವಿಗೆ ಕೊಡುವುದಿಲ್ಲ ಎಂದೇ ಕೇಳಿಸುತ್ತದೆ.

ಇವರಲ್ಲಿ ಗಳಿಸುವವರೂ ಇದ್ದಾರೆ. ದೀಪಾವಳಿಗೆ ಮುಂಚೆ ಆಕಾಶಬುಟ್ಟಿ ಮಾಡಿ ಸೊಸೈಟಿಯ ಗೇಟಿನಲ್ಲಿ ಮಾರುವವರು, ಮೆಹಂದಿ ಹಾಕುವ ಹುಡುಗಿಯರು, ಕೆಳಗಿನ ಮಹಡಿಯ ಮಕ್ಕಳಿಗೆ ಗಣಿತ ಹೇಳಿಕೊಡುವವರು, ವಿಡಿಯೊ ಎಡಿಟ್ ಮಾಡಿಕೊಡುವವರು. ಶ್ರಾವಣದಲ್ಲಿ ಬಹುಮಾನದ ದುಡ್ಡಿಗಾಗಿ ಠಾಣೆಯ ದಹಿ ಹಂಡಿಗೆ ಪಿರಮಿಡ್ ಏರುವ ಗೋವಿಂದರ ತಂಡಗಳಲ್ಲೂ ಹದಿಹರೆಯದವರೇ ಬಹಳ. ಹದಿನಾಲ್ಕು ತುಂಬದವರನ್ನು ಏರಿಸುವಂತಿಲ್ಲ ಎಂಬುದು 2017ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಇತ್ಯರ್ಥವಾಗಿದೆ. ತಾನೇ ಗಳಿಸಿದ ಮೊದಲ ಐನೂರನ್ನು ಮಗು ಖರ್ಚು ಮಾಡುವ ರೀತಿಯೇ ಬೇರೆ. ಅದನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳು ನ್ಯಾಯವಾಗಿಲ್ಲ. ಮಗ ಕೇಳಿದ ಇನ್ನೂರಕ್ಕೆ ಒಂದು ಪ್ರಶ್ನೆಯಾದರೆ ಮಗಳು ಕೇಳಿದ ಇನ್ನೂರಕ್ಕೆ ನಾಲ್ಕು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ, ಯಾಕೆ. ಹುಡುಗಿಗೆ ಸಂಜೆಯಾದ ಮೇಲೆ ನಡೆಯುವ ಬದಲು ರಿಕ್ಷಾ ಹಿಡಿಯಬೇಕಾಗುತ್ತದೆ. ತಿಂಗಳು ತಿಂಗಳು ಪ್ಯಾಡ್ ಬೇಕು. ಖರ್ಚು ಅವಳಿಗೆ ಹೆಚ್ಚು, ಸ್ವಾತಂತ್ರ್ಯ ಕಡಿಮೆ. ಅದರ ಫಲವಾಗಿ ಲೆಕ್ಕದಲ್ಲಿ ಹುಡುಗಿಯರೇ ಚುರುಕಾಗಿರುತ್ತಾರೆ ಎಂಬುದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಒತ್ತಾಯದಿಂದ ಬಂದ ಚುರುಕನ್ನು ನಾನು ಹೊಗಳಲಾರೆ.

ಈ ಊರುಗಳ ಕನ್ನಡಿಗರೆಲ್ಲ ಮನೆಸಾಲ ಕಟ್ಟುವವರೂ ಅಲ್ಲ. ಬೆಳಿಗ್ಗೆ ಕೂಲಿ ನಾಕಾಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯ ಕನ್ನಡ ಕಿವಿಗೆ ಬೀಳುತ್ತದೆ. ಖಾರ್ಘರ್, ಘೋಡಬಂದರ್ ರೋಡುಗಳ ಗಗನಚುಂಬಿಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಅವರೂ ಇದ್ದಾರೆ. ಆ ಮನೆಯ ಹದಿನಾರರ ಹುಡುಗನಿಗೆ ಅಪ್ಪನ ದಿನಗೂಲಿ ಎಷ್ಟೆಂದು ಗೊತ್ತು, ಕೂಲಿಯಾಳುಗಳನ್ನು ಕರೆತರುವ ಮುಕದ್ದಮನ ಬಳಿ ಎಷ್ಟು ಮುಂಗಡ ಬಾಕಿ ಇದೆಯೆಂದು ಗೊತ್ತು, ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ತಪ್ಪುತ್ತದೆಂದೂ ಗೊತ್ತು. ಒಂದು ಮೊಬೈಲಿಗೆ ಮನೆಯವರೆಲ್ಲ ಸೇರಿ ರೀಚಾರ್ಜ್ ಹಾಕಿಸುತ್ತಾರೆ. ಅವನಿಗೆ ಗೊತ್ತಿರುವುದರ ಅರ್ಧ ಡೊಂಬಿವಲಿಯ ಫ್ಲ್ಯಾಟಿನ ಮಗುವಿಗೆ ಗೊತ್ತಿದ್ದರೆ, ಈ ಮಗುವಿಗಿರುವ ಅವಕಾಶದ ಅರ್ಧ ಅವನಿಗಿದ್ದರೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಕಾನೂನು ಇವರ ಬಗ್ಗೆ ಏನು ಹೇಳುತ್ತದೆ? ಹತ್ತು ತುಂಬಿದ ಮಗು ತಾನೇ ಉಳಿತಾಯ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು. 2025ರ ಏಪ್ರಿಲಿನಲ್ಲಿ ಆ ನಿಯಮಗಳನ್ನು ಪರಿಷ್ಕರಿಸಿತು. ಮಿತಿಯನ್ನು ಆಯಾ ಬ್ಯಾಂಕೇ ಗೊತ್ತುಮಾಡುತ್ತದೆ. ಒಂದಂತೂ ಖಚಿತ, ಅಪ್ರಾಪ್ತರ ಖಾತೆಯಲ್ಲಿ ಇದ್ದಷ್ಟೇ ತೆಗೆಯಬೇಕು, ಸಾಲಕ್ಕೆ ಆಸ್ಪದವಿಲ್ಲ. ಅಂಚೆ ಕಚೇರಿಯಲ್ಲೂ ಹತ್ತಕ್ಕೆ ಸ್ವಂತ ಖಾತೆ ಸಿಗುತ್ತದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ವ್ಯವಸ್ಥೆಯಲ್ಲಿ ತಂದೆ ತಾಯಿ ತಮ್ಮ ಖಾತೆಯಿಂದ ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿವರೆಗೆ ಮನೆಯ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಅಷ್ಟು ಬೇಡ, 1,500 ಸಾಕು ಎಂದು ಮಿತಿ ಹಾಕಲೂಬಹುದು. ಕೇಳಿದಾಗ ಹಾಕುವ ಇನ್ನೂರಕ್ಕೆ ಇದು ಎಷ್ಟೋ ಮೇಲು.

ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಕರಾರೇ ಅಲ್ಲ ಎಂದು 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಇಂದಿಗೂ ಅದೇ ಆಧಾರ. ಮಗುವಿಗೆ ಸಾಲ ಕೊಟ್ಟವನು ವಸೂಲಿಗೆ ಕೋರ್ಟು ಹತ್ತಲಾರ. ಒಳ್ಳೆಯದೇ. ಆದರೆ ಹದಿನೆಂಟನೇ ಹುಟ್ಟುಹಬ್ಬದ ಮಧ್ಯರಾತ್ರಿ ಆ ಗೋಡೆ ಒಂದೇಟಿಗೆ ಕುಸಿಯುತ್ತದೆ. ಸಾಲದ ಆ್ಯಪ್, ಈಗ ಕೊಂಡು ಆಮೇಲೆ ಕೊಡು ಎನ್ನುವ ಅಂಗಡಿ, ಷೇರು ವಹಿವಾಟಿನ ಖಾತೆ, ಎಲ್ಲ ಒಂದೇ ದಿನ ಬಾಗಿಲು ತೆರೆಯುತ್ತವೆ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಬಿಡಿ ವಹಿವಾಟುದಾರರಲ್ಲಿ ಶೇ 93 ಮಂದಿ ಕಳೆದುಕೊಂಡರೆಂದು ಸೆಬಿಯ ಅಧ್ಯಯನವೇ ಹೇಳಿದೆ. ಒಬ್ಬೊಬ್ಬರಿಗೆ ಸರಾಸರಿ ಎರಡು ಲಕ್ಷದಷ್ಟು ನಷ್ಟ. ಆ ವಹಿವಾಟುದಾರರಲ್ಲಿ ಮೂವತ್ತರೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸಿತು. ನಾನದನ್ನು ಮನಸಾರೆ ಸ್ವಾಗತಿಸಿದವನು. ಆದರೂ ಆಸೆಗೆ ದಾರಿ ಒಂದಲ್ಲ.

ಇನ್ನೊಂದು ಅಪಾಯವನ್ನು ಹೆತ್ತವರು ಮಕ್ಕಳ ಕಿವಿಯಲ್ಲಿ ಹಾಕಲೇಬೇಕು. ‘ನಿನ್ನ ಖಾತೆ ನಾಲ್ಕು ದಿನ ಕೊಡು, ಎರಡು ಸಾವಿರ ಕೊಡುತ್ತೇನೆ’ ಎಂದು ಕಾಲೇಜಿನ ಹುಡುಗರ ಹಿಂದೆ ಬೀಳುವವರಿದ್ದಾರೆ. ಸೈಬರ್ ವಂಚಕರು ಯಾರದೋ ಕದ್ದ ಹಣವನ್ನು ಆ ಖಾತೆಯ ಮೂಲಕ ಸಾಗಿಸುತ್ತಾರೆ. ದೂರು ಬಂದಾಗ ಪೊಲೀಸರು ಮೊದಲು ಬರುವುದು ಖಾತೆಯ ಒಡೆಯನ ಮನೆಗೆ. ಎರಡು ಸಾವಿರದ ಆಸೆಗೆ ಇಪ್ಪತ್ತರೊಳಗೆ ಆರೋಪಿಯಾಗುವ ಮಗುವನ್ನು ಬಿಡಿಸಿ ತರುವುದು ಸುಲಭವಲ್ಲ. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದೂ ಅವರಿಗೆ ಬಾಯಿಪಾಠವಾಗಿರಲಿ.

ಹಿರಿಯರಿಗೆ ಈ ವಿದ್ಯೆ ಬರುತ್ತದೆಯೇ ಎಂದು ಕೇಳುವ ಹಕ್ಕು ಮಕ್ಕಳಿಗಿದೆ. ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ ಕೆಲಸ ಮಾಡಿದ್ದು ನಮ್ಮ ವಾಶಿಯಿಂದಲೇ. ಅದು 2019ರಲ್ಲಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯಂತೆ ಹಣಕಾಸಿನ ತಿಳಿವಳಿಕೆ ಇರುವ ವಯಸ್ಕರು ಶೇ 27 ಮಾತ್ರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿದ್ದು, ಮೊದಲ ದಿನಗಳಲ್ಲಿ 1,000 ರೂಪಾಯಿಗಿಂತ ಹೆಚ್ಚು ತೆಗೆಯಲಾಗದೆ ಠಾಣೆ, ನವಿ ಮುಂಬಯಿಗಳ ಎಷ್ಟೋ ಮನೆಗಳು ನಡುಗಿದವು. ಆಗ ಹತ್ತರ ಮಕ್ಕಳಾಗಿದ್ದವರೇ ಇಂದಿನ ಕಾಲೇಜು ಹುಡುಗರು. ಅಪ್ಪ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೂತದ್ದನ್ನು ಅವರು ನೋಡಿದ್ದಾರೆ, ಯಾಕೆಂದು ಯಾರೂ ಹೇಳಲಿಲ್ಲ. ಬ್ಯಾಂಕ್ ಠೇವಣಿಗೆ ವಿಮೆಯಿದೆ, ಆಗ ಅದು ಒಂದು ಲಕ್ಷಕ್ಕಿತ್ತು, 2020ರ ಫೆಬ್ರುವರಿಯಲ್ಲಿ ಐದು ಲಕ್ಷವಾಯಿತು ಎಂಬ ಸಣ್ಣ ಸಂಗತಿಯೂ ಆ ಮನೆಗಳಲ್ಲಿ ಮಕ್ಕಳ ಮುಂದೆ ಬರಲಿಲ್ಲ. 2025ರ ಜನವರಿಯಲ್ಲಿ ಟೊರೆಸ್ ಎಂಬ ಆಭರಣದ ಅಂಗಡಿ ವಾರವಾರ ಲಾಭದ ಆಸೆ ಹುಟ್ಟಿಸಿ ಬಾಗಿಲು ಹಾಕಿದಾಗ ಕಲ್ಯಾಣ, ಸಾನ್‌ಪಾಡಾಗಳ ಮಳಿಗೆಗಳ ಮುಂದೆಯೂ ಜನ ಎದೆ ಬಡಿದುಕೊಂಡರು. ದುಡ್ಡು ಕಳೆದುಕೊಂಡ ನಾಚಿಕೆಯನ್ನು ನಾವು ಮಕ್ಕಳಿಂದ ಮುಚ್ಚಿಡುತ್ತೇವೆ. ಅವರು ಕಲಿಯಬಹುದಾದ ಅತಿ ದೊಡ್ಡ ಪಾಠ ಅಲ್ಲೇ ಹೂತುಹೋಗುತ್ತದೆ.

ಮುಚ್ಚಿಡುವುದು ಪ್ರೀತಿಯಿಂದಲೇ. ‘ನಾವು ಪಟ್ಟ ಕಷ್ಟ ಮಕ್ಕಳಿಗೆ ತಿಳಿಯುವುದು ಬೇಡ’ ಎಂದು ಹೋಟೆಲಿನ ಟೇಬಲಿನ ಮೇಲೆ ಮಲಗಿದ ಅಜ್ಜ ಹೇಳಿದ್ದ, ಅದನ್ನೇ ಅಪ್ಪ ಮುಂದುವರಿಸಿದ. ಚಿಕ್ಕವರ ಮೇಲೆ ಹೊರೆ ಹೇರಬಾರದೆಂಬ ಮಾತು ನಿಜ. ಎಂಟರ ಮಗುವಿಗೆ ಸಾಲದ ಕಥೆ ಬೇಡ. ಹದಿನೈದರ ಮಗುವಿಗೆ ಬೇಕು. ಲೆಕ್ಕ ತಿಳಿದ ಮಗು ಹೆದರುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ಲೆಕ್ಕ ತಿಳಿಯದೆ ಅಪ್ಪ ಅಮ್ಮನ ಪಿಸುಮಾತನ್ನು ಮಾತ್ರ ಕೇಳಿಸಿಕೊಳ್ಳುವ ಮಗು ಹೆಚ್ಚು ಹೆದರುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡೋಣ? ಲೋಕಲ್‌ನ ಕಾಟವಿಲ್ಲದ ಭಾನುವಾರ ಒಂದಿದೆ. ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ಕೂತರೆ ಸಾಕು. ಈ ತಿಂಗಳು ಬಂದದ್ದು ಇಷ್ಟು, ಕಂತು ಇಷ್ಟು, ಸೊಸೈಟಿಯ ಮೆಂಟೆನೆನ್ಸ್ ಇಷ್ಟು, ಊರಿಗೆ ಕಳಿಸಿದ್ದು ಇಷ್ಟು, ಅಮ್ಮ ಭಿಶಿಗೆ, ಅಂದರೆ ಚೀಟಿಗೆ, ಹಾಕಿದ್ದು ಇಷ್ಟು ಎಂದು ಕಾಗದದ ಮೇಲೆ ಬರೆದು ಮಗಳ ಮುಂದಿಡಿ. ಅದರಲ್ಲಿ ಅವಳದೊಂದು ಸಾಲಿರಲಿ, ತಿಂಗಳಿಗೆ ಇಷ್ಟೇ ಎಂದು ಅವಳನ್ನೂ ಕೇಳಿಯೇ ಗೊತ್ತುಮಾಡಿದ್ದು. ಆ ಸಾಲಿನ ಒಳಗೆ ಅವಳು ಫ್ರಾಂಕಿ ತಿನ್ನಲಿ, ಕೂಡಿಟ್ಟು ಹೆಡ್‌ಫೋನ್ ಕೊಳ್ಳಲಿ, ಇಪ್ಪತ್ತನೇ ತಾರೀಖಿಗೇ ಮುಗಿಸಿಕೊಂಡು ಕೈ ಬರಿದಾಗಿ ಕೂರಲಿ; ಪ್ರಶ್ನೆ ಬೇಡ, ಇಪ್ಪತ್ತೊಂದನೇ ತಾರೀಖು ಇನ್ನೂರೂ ಬೇಡ. ವಿದ್ಯುತ್ ಬಿಲ್ ಕಟ್ಟುವ ಕೆಲಸ ಮಗನಿಗೆ ಕೊಡಿ. ಏಸಿ ಎಷ್ಟು ನುಂಗುತ್ತದೆಂದು ಅವನೇ ಹೇಳುತ್ತಾನೆ. ಖಾತೆ ತೆರೆಯಲು ಮನೆಯ ಹತ್ತಿರದ ಬ್ಯಾಂಕು ಅಥವಾ ಅಂಚೆ ಕಚೇರಿಗೆ ಅವರನ್ನೇ ಕರೆದುಕೊಂಡು ಹೋಗಿ, ಫಾರ್ಮನ್ನು ಅವರೇ ತುಂಬಲಿ.

ಬರುವ ಜೂನಿನಲ್ಲಿ ಹನ್ನೊಂದನೇ ತರಗತಿಯ ಪ್ರವೇಶ, ಕ್ಲಾಸಿನ ಫೀ ಎಂದು ದೊಡ್ಡ ಮೊತ್ತದ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಆ ಮಾತಾಡುವಾಗ ಹದಿನಾರರ ಮಗುವನ್ನು ಒಳಗಿನ ಕೋಣೆಗೆ ಕಳಿಸಬೇಡಿ. ಆ ಕ್ಲಾಸು ತನಗೆ ಬೇಕೇ, ಅದಕ್ಕಿಂತ ಕಡಿಮೆಯದು ಸಾಕೇ, ಉಳಿದದ್ದರಲ್ಲಿ ಏನು ಮಾಡಬಹುದು ಎಂದು ಅವಳೇ ಹೇಳಲಿ.